ಕನ್ನಡಿ ಇಲ್ಲದ ಮನೆಯ ದಾವಲಬಿ

ರಬಕವಿಯಲ್ಲಿ ಊರನ್ನು ಎಬ್ಬಿಸುವುದು ಕೋಳಿಯಲ್ಲ, ಪಾವರ್‌ಲೂಮು. ಕತ್ತಲು ಇನ್ನೂ ಪೂರ್ತಿ ಹರಿದಿರುವುದಿಲ್ಲ, ಆಗಲೇ ಓಣಿಯ ಗೋಡೆಗಳೆಲ್ಲ ಖಟಖಟ ಎನ್ನತೊಡಗುತ್ತವೆ. ಅಂಥ ಒಂದು ಶುಕ್ರವಾರ, ಬೆಳಗಿನ ನಮಾಜು ಮುಗಿದ ಹೊತ್ತು. ಬನಹಟ್ಟಿ ರಸ್ತೆಯ ಬದಿಯ ಹಳೆಯ ನೇಕಾರ ಮನೆಯೊಂದರ ಪಡಸಾಲೆಯಲ್ಲಿ ಹುಡುಗಿಯರು ಎರಡು ಸಾಲಾಗಿ, ಎದುರುಬದುರಾಗಿ ಕುಳಿತಿದ್ದಾರೆ. ಎಲ್ಲರ ಮುಖಕ್ಕೂ ಹಳದಿ ಲೇಪ. ಅದು ಒಣಗುವವರೆಗೆ ಮಾತಾಡುವಂತಿಲ್ಲ, ನಗುವಂತಿಲ್ಲ. ನಕ್ಕರೆ ಬಿರುಕು ಬಿಡುತ್ತದೆ. ಅರೆಬೆಳಕಿನಲ್ಲಿ ಯಾರ ಮುಖ ಯಾರದೆಂದು ಗುರುತು ಸಿಗುವುದಿಲ್ಲ. ಕಣ್ಣುಗಳಷ್ಟೇ ಆಡುತ್ತಿವೆ. ಗೊತ್ತಿಲ್ಲದವರು ಬಾಗಿಲು ತಳ್ಳಿ ಒಳಗೆ ಬಂದರೆ ಎದೆ ಝಲ್ಲೆನ್ನಬೇಕು.

ಆ ಎರಡು ಸಾಲುಗಳ ನಡುವೆ ಕಂದೀಲು ಹಿಡಿದು ಒಬ್ಬಾಕೆ ಮೆಲ್ಲಗೆ ನಡೆದು ಬರುತ್ತಾಳೆ. ಒಬ್ಬೊಬ್ಬ ಹುಡುಗಿಯ ಗದ್ದ ಹಿಡಿದು ಎತ್ತುತ್ತಾಳೆ. ಕಂದೀಲನ್ನು ಕಣ್ಣ ಹತ್ತಿರ ತರುತ್ತಾಳೆ, ದೂರ ಒಯ್ಯುತ್ತಾಳೆ, ಮತ್ತೆ ತರುತ್ತಾಳೆ. ಬೆಳಕು ಹತ್ತಿರ ಬಂದಾಗ ಕಣ್ಣಿನ ಕರಿ ಬೊಟ್ಟು ಚಿಕ್ಕದಾಗಬೇಕು, ಎರಡೂ ಕಣ್ಣಲ್ಲಿ ಒಂದೇ ಸಮ. ಆದರೆ "ಹ್ಞೂಂ" ಅನ್ನುತ್ತಾಳೆ. ಆ ಹ್ಞೂಂ ಕೇಳದೆ ಯಾವ ಹುಡುಗಿಯೂ ಕದಲುವಂತಿಲ್ಲ. ಇತ್ತೀಚೆಗೆ ಆಕೆ ಕಂದೀಲನ್ನು ಮೊದಲಿಗಿಂತ ಹತ್ತಿರ ತರುತ್ತಾಳೆ, ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಾಳೆ. ಕೇಳಿದರೆ ಸೀಮೆಎಣ್ಣೆಯನ್ನು ಬೈಯುತ್ತಾಳೆ. "ಎಣ್ಣ್ಯಾಗ ನೀರ ಹಾಕತಾರ್ರಿ ಈಗ. ದೀಪ ಮಬ್ಬ ಉರೀತೈತಿ."

ಇವಳೇ ದಾವಲಬಿ ನದಾಫ. ಇದು ಹೆಣ್ಣುಮಕ್ಕಳ ಮದರಸಾ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಿಗಳಿಂದ ಬಂದ ಅರವತ್ತು ಚಿಲ್ಲರೆ ಹುಡುಗಿಯರು ಇಲ್ಲೇ ಉಂಡು, ಇಲ್ಲೇ ಮಲಗಿ ಕುರಾನು, ಉರ್ದು, ಒಂದಿಷ್ಟು ಕನ್ನಡ, ಲೆಕ್ಕ ಕಲಿಯುತ್ತಾರೆ. ದಾವಲಬಿ ಅವರಿಗೆ ರೊಟ್ಟಿ ಬಡಿಯುತ್ತಾಳೆ, ಹಂಡೆಗೆ ಉರಿ ಹಾಕುತ್ತಾಳೆ, ಹೇನು ತೆಗೆಯುತ್ತಾಳೆ, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾಳೆ. ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಇಂಥ ಕೆಲಸಗಳಿಗೆಲ್ಲ ಹೆಸರಿದೆ. ಆದರೆ ಗುರುವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ ಆಕೆ ಮಾಡುವ ಕೆಲಸಕ್ಕೆ ಹೆಸರೂ ಇಲ್ಲ, ಮಾಡು ಎಂದು ಹೇಳಿದವರೂ ಇಲ್ಲ.

ಅದನ್ನು ನೋಡಬೇಕಾದರೆ ಆಕೆಯ ಎಡಗೈ ನೋಡಬೇಕು. ಮಣಿಕಟ್ಟಿನಿಂದ ಮೊಣಕೈವರೆಗೆ ಒಳಭಾಗದ ಚರ್ಮದಲ್ಲಿ ಸಮ ಬಣ್ಣವೆಂಬುದೇ ಉಳಿದಿಲ್ಲ. ಒಂದೆಡೆ ಸುಟ್ಟ ಕಲೆ, ಒಂದೆಡೆ ಬಿಳಿ ಮಚ್ಚೆ, ಒಂದೆಡೆ ಕಂದು ಗೆರೆ. ಹುಡುಗಿಯರು ತಂತಮ್ಮ ಊರಿಂದ ತಂದ ಸೊಪ್ಪು, ಬೇರು, ಸಿಪ್ಪೆ ಏನೇ ಇರಲಿ, ಗುರುವಾರ ಮೊದಲು ಇಲ್ಲಿಗೆ ಮೆತ್ತಬೇಕು. ರಾತ್ರಿ ಕಳೆದು ಬೆಳಗ್ಗೆ ಕೈ ಸುಮ್ಮನಿದ್ದರೆ ಆ ಲೇಪ ಮುಖಕ್ಕೆ. ಕೈ ಉರಿದರೆ ತಿಪ್ಪೆಗೆ.

"ಇದು ಎಕ್ಕಿ ಹಾಲಿಂದು," ಎಂದು ಒಂದು ಕಲೆ ತೋರಿಸುತ್ತಾಳೆ, ಮನೆತನದ ಒಡವೆ ತೋರಿಸುವ ಹಾಗೆ. "ಮಚ್ಚಿ ಹೋಗತೈತಿ ಅಂತ ಮುಧೋಳದ ಹುಡುಗಿ ತಂದಿತ್ತು. ಇದು ಬಾವಂಚಿ ಬೀಜದ್ದು. ಹಚ್ಚಿಕೊಂಡು ಬಿಸಲಾಗ ಹ್ವಾದ್ನಿ, ಬೊಬ್ಬಿ ಎದ್ವು. ಪಾಪ, ಹುಡುಗ್ಯಾರ ತಪ್ಪ ಅಲ್ರಿ. ಅವರ ಅಜ್ಜಿದೇರು ಹೇಳಿರತಾರ. ಅಜ್ಜಿದೇರು ಹೇಳಿದ್ದೂ ಸುಳ್ಳ ಅಲ್ಲ. ಅದು ಯಾವುದಕ್ಕ, ಎಷ್ಟ, ಎಲ್ಲಿ ಅನ್ನೂದ ದಾರ್‍ಯಾಗ ಉದರಿ ಹೋಗಿರತೈತಿ."

ಆಕೆಯ ಸ್ವಂತ ಮುಖಕ್ಕೆ ಯಾವ ಲೇಪವೂ ಹತ್ತುವುದಿಲ್ಲ. ಚಿಕ್ಕವಳಿದ್ದಾಗ ಸಿಡುಬು ಬಂದು ಹೋದ ಮುಖ ಅದು, ಕೆನ್ನೆಯ ತುಂಬ ಕುಳಿ. ಗಂಡ ಹತ್ತಿ ಹಿಂಜುತ್ತಿದ್ದ. ಗಾದಿ ತುಂಬಲು ಊರೂರು ತಿರುಗುತ್ತಿದ್ದ. ಹೆಂಡತಿಯನ್ನು ಕಾಡಿಸುವುದರಲ್ಲಿ ಎತ್ತಿದ ಕೈ. ನಿನ್ನ ಮುಖ ನೋಡಿದರೆ ದೇವರೂ ಗಾದಿ ಹೊಲಿಯುತ್ತಾನೆ ಅನ್ನಿಸುತ್ತದೆ, ಎಷ್ಟು ಟಾಕಿ, ಎಷ್ಟು ಹೊಲಿಗೆ ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ದಾವಲಬಿ ರಬಕವಿಯ ನೇಕಾರರ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತಿದಳು, ಹರಿದ ಎಳೆಗಳಿಗೆ ಗಂಟು ಹಾಕಿದಳು. ಮದರಸಾ ಶುರುವಾದಾಗ ಅಡುಗೆಗೆ ಬಂದಳು. ಮಕ್ಕಳಿಲ್ಲದ ಹೆಂಗಸು ಅರವತ್ತು ಹುಡುಗಿಯರ ನಡುವೆ ಬಂದು ಬಿದ್ದದ್ದು ತನ್ನ ಪುಣ್ಯ ಎಂದು ಆಕೆ ಬಾಯಿಬಿಟ್ಟೇ ಹೇಳುತ್ತಾಳೆ.

ಮದರಸಾ ನಡೆದಿರುವ ಈ ಮನೆಯ ಕಥೆಯೂ ಒಂದಿದೆ. ಪಡಸಾಲೆಯ ನೆಲದಲ್ಲಿ ಹಿಂದೆ ಮಗ್ಗದ ಕುಣಿಗಳಿದ್ದವು. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದ. ಪಕ್ಕದ ಮನೆಯ ಲಗಮವ್ವನ ಮಾವ ಕಾಶಪ್ಪ ಹಾಗೆ ಕುಳಿತಲ್ಲೇ ಜೀವ ಬಿಟ್ಟನಂತೆ, ಸೀರೆ ಅರ್ಧಕ್ಕೇ ನಿಂತಿತಂತೆ. ಪಾವರ್‌ಲೂಮು ಬಂದ ಮೇಲೆ ಲಗಮವ್ವನ ಮನೆಯವರು ಕುಣಿಗಳನ್ನು ಮಣ್ಣು ತುಂಬಿ ಮುಚ್ಚಿ ಮನೆಯನ್ನು ಮದರಸಾಕ್ಕೆ ಬಾಡಿಗೆಗೆ ಕೊಟ್ಟರು. ಎಷ್ಟು ಬಾರಿ ಮಣ್ಣು ಹಾಕಿ ಬಡಿದರೂ ಆ ಜಾಗ ಮಳೆಗಾಲ ಬಂತೆಂದರೆ ಬೊಗಸೆಯಷ್ಟು ಕುಸಿಯುತ್ತದೆ. ಹುಡುಗಿಯರು ಅದರ ಮೇಲೆ ಹಾಸಿಗೆ ಹಾಸುವುದಿಲ್ಲ.

ಈ ಮನೆಯಲ್ಲಿ ಕನ್ನಡಿಯೂ ಇಲ್ಲ. ಕನ್ನಡಿ ಮುಂದೆ ನಿಂತ ಹುಡುಗಿ ಕಿತಾಬು ಮರೆಯುತ್ತಾಳೆ ಎಂಬುದು ಮದರಸಾದ ಹಿರಿಯರು ಮೊದಲ ದಿನವೇ ಮಾಡಿದ ನಿಯಮ. ಆದರೆ ಹಿರಿಯರು ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರುವ ವಯಸ್ಸು ಹುಡುಗಿಯರದು. ಹುಡುಗಿಯರು ತಮ್ಮದೇ ಕನ್ನಡಿ ಮಾಡಿಕೊಂಡರು. ಪ್ರತಿ ಹುಡುಗಿಗೂ ಒಬ್ಬ ಗೆಳತಿ. ಅವಳೇ ಇವಳ 'ಆಯಿನಾ', ಇವಳೇ ಅವಳ ಕನ್ನಡಿ. ಲೇಪ ಹಚ್ಚುವವಳೂ ಅವಳೇ, ಬಣ್ಣ ತಿಳಿಯಾಯಿತೇ, ಮೊಡವೆ ಇಳಿಯಿತೇ ಎಂದು ನೋಡಿ ಹೇಳುವವಳೂ ಅವಳೇ. ಇದಕ್ಕೊಂದು ಆಣೆ ಇತ್ತು. ಆಯಿನಾ ತಾನು ಕಂಡದ್ದನ್ನು ಮೂರನೆಯವರ ಮುಂದೆ ಬಾಯಿ ಬಿಡಬಾರದು. ಬಿಟ್ಟರೆ ಗೆಳತಿಯ ಮುಖ ಕಪ್ಪಾಗುತ್ತದೆ.

ಈ ಆಣೆಯೇ ಏಳೆಂಟು ವರ್ಷದ ಹಿಂದೆ, ಎಂಬತ್ತೇಳರ ಮಳೆಗಾಲದಲ್ಲಿ, ಒಂದು ಜೀವಕ್ಕೆ ಎರವಾಗುವುದರಲ್ಲಿತ್ತು.

ಅನಗವಾಡಿಯ ಜೈತೂನ ಆಗ ದೊಡ್ಡ ಹುಡುಗಿಯರ ಸಾಲಿನಲ್ಲಿದ್ದಳು. ಹೊಳೆ ದಂಡೆಯ ಒಕ್ಕಲುತನದ ಮನೆಯವಳು. ಮಗ್ಗ ಎಂದರೆ ದೂರದಿಂದ ಕೇಳಿದ ಸದ್ದು ಅಷ್ಟೇ. ಹಬ್ಬಕ್ಕೆ ಊರಿಗೆ ಹೋದಾಗ ಅವಳನ್ನು ನೋಡಲು ಬೀಗರು ಬರುವವರಿದ್ದರು. ಮುಖದ ತುಂಬ ಮೊಡವೆ. ಅವಳ ಆಯಿನಾ ತುಬಚಿಯ ಬತೂಲ. ಕುರ ಎದ್ದರೆ ಬತೂಲಳ ಅಜ್ಜಿ ಒಂದು ಸೊಪ್ಪನ್ನು ಬೆಚ್ಚಗೆ ಮಾಡಿ ಕಟ್ಟುತ್ತಿದ್ದಳು, ಕುರ ಒಡೆದು ವಾಸಿಯಾಗುತ್ತಿತ್ತು. ಅದೇ ಗಿಡ ಮದರಸಾದ ಹಿತ್ತಲ ಗೋಡೆಯ ಬುಡದಲ್ಲೂ ಬೆಳೆದಿತ್ತು, ಸಂಜೆಗೆ ಬಿಳಿ ಹೂವು ಬಿಚ್ಚಿಕೊಂಡು. ಮದಗುಣಕಿ, ಅಂದರೆ ದತ್ತೂರಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಹುಡುಗಿಯರಿಗೆ ಅದು ಮದ್ದಾಗಿಯೇ ಕಂಡಿತು. ಬತೂಲ ಎಲೆ ಅರೆದು ದಿನಾ ಗೆಳತಿಯ ಮುಖಕ್ಕೆ ಹಚ್ಚಿದಳು.

ಮೊಡವೆ ಇಳಿಯಿತೋ ಇಲ್ಲವೋ, ಜೈತೂನಳ ಕಣ್ಣು ಬದಲಾಯಿತು. ರಸ ರೆಪ್ಪೆಗೆ ಇಳಿದಿರಬೇಕು. ಕರಿ ಬೊಟ್ಟು ದೊಡ್ಡದಾಗಿ, ಹೊಳೆಯುತ್ತ, ಕಣ್ಣೆಲ್ಲ ತಾನೇ ಆಯಿತು. ನಿನ್ನ ಕಣ್ಣಿಗೆ ಎಂಥ ಕಳೆ ಬಂದಿದೆ ಎಂದು ಬತೂಲ ಹೇಳಿದಳು. ಅವಳ ಕಣ್ಣಿಗೆ ಕಂಡದ್ದು ಅದೇ, ಸುಳ್ಳೇನಲ್ಲ. ಜೈತೂನ ಹಿಗ್ಗಿಹೋದಳು. ಇನ್ನಷ್ಟು ಹಚ್ಚು, ರೆಪ್ಪೆಗೂ ಕಾಡಿಗೆಯ ಹಾಗೆ ಎಳೆ ಎಂದಳು. ಬಿಸಿಲಿಗೆ ಬಂದರೆ ಕಣ್ಣು ಚುಚ್ಚುತ್ತದೆ, ಓದಲು ಕುಳಿತರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ, ಬಾಯಿ ಒಣಗುತ್ತದೆ ಎಂದೂ ಹೇಳಿಕೊಂಡಳು. ಬತೂಲ ಕೇಳಿಸಿಕೊಂಡಳು. ಆಣೆ ಇತ್ತಲ್ಲ, ಯಾರಿಗೂ ಹೇಳಲಿಲ್ಲ. ಆ ಗುರುವಾರ ಸಂಜೆ ಜೈತೂನ ದಪ್ಪಗೆ ಮೆತ್ತಿಸಿಕೊಂಡು ತೊಳೆಯದೆ ಹಾಗೇ ಮಲಗಿದಳು.

ಬೆಳಗ್ಗೆ ನಮಾಜಿಗೆ ಎದ್ದ ಹುಡುಗಿಯರು ಕಂಡದ್ದನ್ನು ಇವತ್ತಿಗೂ ಮೆಲುದನಿಯಲ್ಲೇ ಹೇಳುತ್ತಾರೆ. ಜೈತೂನ ಆ ಕುಸಿದ ಕುಣಿಯ ಅಂಚಿನಲ್ಲಿ, ಕಾಲು ಒಳಗೆ ಇಳಿಬಿಟ್ಟವಳಂತೆ ಕುಳಿತಿದ್ದಳು. ಮುಖ ಕೆಂಡದ ಹಾಗೆ ಕೆಂಪು. ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಇಲ್ಲದ ಎಳೆಯೊಂದನ್ನು ಚಿವುಟುವುದು, ಎಳೆಯುವುದು, ಇನ್ನೊಂದಕ್ಕೆ ಸೇರಿಸುವುದು. ಹೊರಗೆ ಲೂಮಿನ ಸದ್ದು, ಒಳಗೆ ಅದರ ತಾಳಕ್ಕೆ ಅವಳ ಬೆರಳು. ಹೆಸರು ಹಿಡಿದು ಕೂಗಿದರೆ ಕೂಗಿದವರ ಆಚೆಗೆ ನೋಡುತ್ತಿದ್ದಳು.

"ಯಾರ ಜೋಡಿ ಮಾತಾಡಾಕತ್ತೀಯವ್ವಾ?" ಎಂದು ದಾವಲಬಿ ಕೇಳಿದಳು.

"ಮುದುಕಗ ಎಳಿ ಕಾಣವಲ್ಲವು," ಎಂದಳು ಜೈತೂನ, ಒಣಗಿದ ನಾಲಿಗೆಯಲ್ಲಿ. "ಹರಿದದ್ದ ನಾ ಗಂಟ ಹಾಕಿ ಕೊಡಾಕತ್ತೇನಿ."

ಗೋಡೆಯಾಚೆಯಿಂದ ಬಂದು ಇಣುಕಿದ ಲಗಮವ್ವ ಅಲ್ಲೇ ಕುಸಿದು ಕುಳಿತಳು. "ನಮ್ಮ ಮಾವರೀ ಅವರು! ಕಡೀಕ ಅವರಿಗೆ ಕಣ್ಣ ಕಾಣತಿದ್ದಿಲ್ಲ, ಎಳೀ ನಾನ ಹುಡಿಕಿ ಕೊಡತಿದ್ದೆ!" ಅಷ್ಟು ಸಾಕಿತ್ತು. ಹುಡುಗಿಯರು ಚೀರಿದರು. ಜಿನ್ನು ಹಿಡಿದಿದೆ ಎಂದರು ಕೆಲವರು, ಕಾಶಪ್ಪ ಎಂದರು ಕೆಲವರು. ಮದರಸಾ ನಡೆಸುವ ಖಮರುನ್ನಿಸಾ, ಎಲ್ಲರೂ ಬಡೀಆಪಾ ಎನ್ನುವವರು, ತಾಯಿತ ಕಟ್ಟುವ ಸಾಹೇಬರನ್ನು ಕರೆತರಲು ಮುಧೋಳದ ಕಡೆ ಆಳು ಕಳಿಸಿದರು. ಸಂಜೆಯೊಳಗೆ ಸುದ್ದಿ ಹಳ್ಳಿಗಳನ್ನು ಮುಟ್ಟಿದರೆ ನಾಳೆ ಒಬ್ಬ ಹುಡುಗಿಯೂ ಇಲ್ಲಿ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಅವರು ಮೊದಲು ನೆನೆದದ್ದು ಜೈತೂನಳನ್ನೇ.

ದಾವಲಬಿಗೂ ಭಯವಾಯಿತು. ಅದನ್ನು ಆಕೆ ಮುಚ್ಚಿಡುವುದಿಲ್ಲ. "ಯಾಕಂದ್ರ ನಾ ಆ ಗಂಟ ಗುರತ ಹಿಡದ್ನಿರಿ. ವರ್ಷಗಟ್ಟಲೆ ಹಾಕಿದ ಗಂಟ ಅದು. ಎಡಗೈ ಹೆಬ್ಬಟ್ಟಿನ ಮ್ಯಾಲ ಎಳಿ ಇಟ್ಟ, ಹಿಂಗ ತಿರಿವಿ, ಹಿಂಗ ಎಳೀಬೇಕ. ನೇಕಾರ ಮನ್ಯಾಗ ಹುಟ್ಟಿದವರಿಗೂ ಕಲಿಯಾಕ ದಿನಾ ಹಿಡೀತಾವ. ಅನಗವಾಡಿ ಹುಡುಗಿಗೆ ಯಾರ ಕಲಿಸ್ಯಾರ?"

ಅಷ್ಟರಲ್ಲಿ ಬೆಳಕು ಹರಿಯಿತು. ಕಿಟಕಿಯ ಬಳಿ ಮುದುರಿ ನಿಂತು ಬತೂಲ ಅಳುತ್ತಿದ್ದಳು. ಸಮಾಧಾನ ಮಾಡೋಣವೆಂದು ದಾವಲಬಿ ಅವಳ ಗದ್ದ ಎತ್ತಿದವಳು ಹಾಗೇ ನಿಂತುಬಿಟ್ಟಳು. ಬತೂಲಳ ಎಡಗಣ್ಣು ಬೆಳಕಿಗೆ ಎಲ್ಲರದರಂತೆ ಚಿಕ್ಕದಾಗಿತ್ತು. ಬಲಗಣ್ಣು ಆಗಿರಲಿಲ್ಲ. ಅದು ಕಪ್ಪಗೆ, ಬಾವಿಯ ಬಾಯಿಯಂತೆ ತೆರೆದುಕೊಂಡಿತ್ತು. ಒಂದೇ ಮುಖದಲ್ಲಿ ಇಬ್ಬರು ಕುಳಿತು ನೋಡಿದ ಹಾಗೆ. ಅದನ್ನು ನೆನೆದರೆ ಈಗಲೂ ಮೈ ಮೇಲೆ ಮುಳ್ಳು ಏಳುತ್ತವೆ ಎನ್ನುತ್ತಾಳೆ.

"ಆದ್ರ ಆವಾಗ ತಲ್ಯಾಗ ಒಂದ ಮಾತ ಬಂತ್ರಿ. ಜಿನ್ನ ಹಿಡದ್ರ ಪೂರಾ ಹಿಡೀತೈತಿ. ಅರ್ಧಾ ಮಾರಿ ಹಿಡದ ಬಿಡತೈತೇನ?"

ಬತೂಲಳ ಬಲಗೈ ಎತ್ತಿ ಮೂಸಿದಳು. ಉಗುರಿನ ಸಂದಿಯಲ್ಲಿ ಹಸಿರು, ಅಸಹ್ಯ ಕಮಟು ವಾಸನೆ. ಅದೇ ಕೈಯಲ್ಲಿ ಆ ಕಣ್ಣು ಒರೆಸಿಕೊಂಡಿದ್ದಾಳೆ. "ಏನ್ ಹಚ್ಚೀದಿ ಬೇ ಆಕೀಗೆ?" ಬತೂಲ ತುಟಿ ಬಿಗಿಹಿಡಿದಳು. ಗದರಿದರೂ ಇಲ್ಲ, ರಮಿಸಿದರೂ ಇಲ್ಲ, ಹೊತ್ತು ಏರುತ್ತಲೇ ಇತ್ತು. ಹೇಳಿದರೆ ಜೈತೂನಳ ಮುಖ ಕಪ್ಪಾಗುತ್ತದೆ ಎಂಬುದು ಆ ಹುಡುಗಿಯ ಖರೆ ಭಯ. ಗೆಳತಿಯನ್ನು ಉಳಿಸಲಿಕ್ಕೆಂದೇ ಅವಳು ಬಾಯಿ ಮುಚ್ಚಿದ್ದಳು. ಕೊನೆಗೆ ದಾವಲಬಿ ತನ್ನ ಸಿಡುಬಿನ ಕೆನ್ನೆಗೆ ಹುಡುಗಿಯ ಅಂಗೈ ಒತ್ತಿ ಹಿಡಿದಳು. "ಹಿಂತಾ ಮಾರಿ ಇಟಗೊಂಡೂ ಬಾಳೇವ ಮಾಡೇನಿ. ಮಾರಿ ಹ್ವಾದ್ರ ಹೋಗಲಿ ಯವ್ವಾ, ಜೀವಾ ಇರಲಿ. ಹೇಳು."

ಬತೂಲ ಹಿತ್ತಲ ಗೋಡೆಯ ಕಡೆ ಬೆರಳು ತೋರಿಸಿದಳು.

ಆಮೇಲೆ ನಡೆದದ್ದಕ್ಕೆಲ್ಲ ಬಡೀಆಪಾ ಕಾರಣ ಎಂದು ದಾವಲಬಿ ಒತ್ತಿ ಹೇಳುತ್ತಾಳೆ. "ದುವಾನೂ ಮಾಡೂಣು, ದವಾನೂ ಕೊಡಸೂಣು", ಅಂದರೆ ಪ್ರಾರ್ಥನೆಯೂ ಆಗಲಿ ಮದ್ದೂ ಆಗಲಿ, ಎಂದವರೇ ಬುರ್ಖಾ ಹಾಕಿಕೊಂಡು, ನೂಲು ಹೇರಿಕೊಂಡು ಹೊರಟಿದ್ದ ಟೆಂಪೊ ನಿಲ್ಲಿಸಿ, ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು ಜಮಖಂಡಿಗೆ ಹೋದರು. ದಾವಲಬಿ ಅರೆಯುವ ಕಲ್ಲನ್ನೂ ಆ ಗಿಡದ ಒಂದು ಟೊಂಗೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ನೀಲಕಂಠ ಡಾಕ್ಟರು ಬ್ಯಾಟರಿ ಬಿಟ್ಟು ಕಣ್ಣು ನೋಡಿದರು, ಟೊಂಗೆ ನೋಡಿದರು, ಮರುಮಾತಾಡದೆ ಸೂಜಿ ತೆಗೆದರು. ಈ ವಿಷ ಏರಿದರೆ ಇಲ್ಲದ್ದು ಕಾಣುತ್ತದೆ, ಕೈ ಗಾಳಿಯಲ್ಲಿ ಎಳೆ ಹೆಕ್ಕುತ್ತದೆ, ಇಂಥ ಎಷ್ಟೋ ಮಂದಿಯನ್ನು ನೋಡಿದ್ದೇನೆ ಎಂದರು. ಜೈತೂನ ಮರುದಿನ ಮಧ್ಯಾಹ್ನ ಕಣ್ಣು ಬಿಟ್ಟು ನೀರು ಕೇಳಿದಳು. ದಾವಲಬಿ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಜೋರಾಗಿ ಅತ್ತಳು.

ಗಾಳಿಯಲ್ಲಿ ಎಳೆ ಹೆಕ್ಕುವುದೇನೋ ವಿಷದ ಕೆಲಸ. ಆ ಗಂಟು? ದಾವಲಬಿ ಡಾಕ್ಟರರನ್ನು ಕೇಳಲಿಲ್ಲ. ಜೈತೂನಳನ್ನೂ ಕೇಳಲಿಲ್ಲ, ಅವಳಿಗೆ ಆ ಬೆಳಗಿನದು ಒಂದೂ ನೆನಪಿಲ್ಲ. ಈಗ ಅವಳಿಗೆ ಮದುವೆಯಾಗಿದೆ. ಬಂದಾಗೆಲ್ಲ ಖಾಲಾಗೆ ಜೋಳದ ಹಿಟ್ಟು ತರುತ್ತಾಳೆ. ಪಡಸಾಲೆಯಲ್ಲಿ ನಡೆಯುವಾಗ ಆ ಕುಸಿದ ಜಾಗವನ್ನು ಬಳಸಿಕೊಂಡು ಹೋಗುತ್ತಾಳೆ, ಯಾರೂ ಹೇಳದಿದ್ದರೂ. "ಡಾಕ್ಟರು ಹೇಳಿದ್ದೂ ಖರೆ, ನಾ ನೋಡಿದ್ದೂ ಖರೆ," ಎಂದಷ್ಟೇ ಹೇಳಿ ದಾವಲಬಿ ರೊಟ್ಟಿ ತಿರುವುತ್ತಾಳೆ. "ಎರಡೂ ಇರ್‍ಲಿ ಬಿಡ್ರಿ."

ಇನ್ನು ಮೇಲೆ ಮನೆಗೊಂದು ಕನ್ನಡಿ ತರೋಣ ಎಂದು ಬಡೀಆಪಾ ಆಗ ಹೇಳಿದ್ದರು. ದಾವಲಬಿಯೇ ಬೇಡವೆಂದಳು. "ಕನ್ನಡಿ ಇದ್ರ ಏನಾಗತಿತ್ರಿ? ಅಂಥಾ ಕಣ್ಣ ಕನ್ನಡ್ಯಾಗ ನೋಡಿದ್ರ ಜೈತೂನ ಇನ್ನಷ್ಟ ಹಚಿಗೋತಿದ್ಳು." ಆಕೆ ಬದಲಿಸಿದ್ದು ಆಣೆಯನ್ನು. ಈಗ ಆಯಿನಾ ಆದವಳು ತಾನು ಕಂಡದ್ದನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಖಾಲಾಗೆ ಹೇಳಲೇಬೇಕು. ಹೇಳದಿದ್ದರೆ ಅವಳು ಕನ್ನಡಿಯಲ್ಲ. ಸೊಪ್ಪು ಮೊದಲು ತನ್ನ ಕೈಗೆ ಎಂಬುದೂ ಆವತ್ತಿನಿಂದಲೇ. ಕೈಗೆ ಉರಿ ಕಾಣದ ವಿಷವೂ ಇದೆ ಎಂದು ಡಾಕ್ಟರು ಹೇಳಿದ್ದರಿಂದ ಕಂದೀಲು ಹಿಡಿದು ಕಣ್ಣು ನೋಡುವುದೂ ಸೇರಿತು. ಮಳೆಗಾಲಕ್ಕೊಮ್ಮೆ ಹಿತ್ತಲ ಗೋಡೆಯ ಬುಡದಲ್ಲಿ ಆ ಗಿಡ ಅದೇ ಜಾಗದಲ್ಲಿ ಏಳುತ್ತದೆ. ಆಕೆ ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳುತ್ತಾಳೆ. ಅದು ಮತ್ತೆ ಬರುತ್ತದೆ.

ಪಡಸಾಲೆಯಲ್ಲಿ ಕೊನೆಯ ಹುಡುಗಿಗೂ ಹ್ಞೂಂ ಸಿಕ್ಕಿದೆ. ಆದರೆ ಯಾರೂ ಏಳುವುದಿಲ್ಲ. ಇನ್ನೊಬ್ಬರ ಕಣ್ಣು ನೋಡುವುದು ಬಾಕಿ ಇದೆ. ಕೈಗೆ ವಿಷ ಮೆತ್ತಿಕೊಳ್ಳುವವಳಿಗೂ ಒಬ್ಬ ಆಯಿನಾ ಬೇಕಲ್ಲ. ಒಳಗಿನಿಂದ ಒಬ್ಬ ತರುಣಿ ಬರುತ್ತಾಳೆ. ಅವಳು ಬತೂಲ. ಓದು ಮುಗಿಸಿ ಈಗ ಇಲ್ಲೇ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ದಾವಲಬಿಯ ಕೈಯಿಂದ ಕಂದೀಲು ತೆಗೆದುಕೊಂಡು, ಗದ್ದ ಎತ್ತಿ, ಬೆಳಕು ಹತ್ತಿರ ತರುತ್ತಾಳೆ. ದೂರ ಒಯ್ಯುತ್ತಾಳೆ. ಮತ್ತೆ ತರುತ್ತಾಳೆ. ಹಳದಿ ಮುಖಗಳೆಲ್ಲ ಇತ್ತ ತಿರುಗಿವೆ.

"ಸಮ ಇಲ್ಲ ಖಾಲಾ," ಎನ್ನುತ್ತಾಳೆ, ಕೇಳುವ ಮೊದಲೇ. "ಎಡಗಣ್ಣಾಗ ಪೊರಿ ಬೆಳದೈತಿ. ಎಣ್ಣಿದಲ್ಲ ತಪ್ಪ, ಕಣ್ಣಿಂದು. ಮುಂಜೇಲೆ ಯಾರದರೆ ಕಣ್ಣ ದೊಡ್ಡದಾಗಿದ್ರ ನಿನಗ ತಿಳೀತಿದ್ದಿಲ್ಲ. ಇವರನ್ನೆಲ್ಲಾ ನಾ ಇನ್ನೊಮ್ಮಿ ನೋಡತೀನಿ."

ಕಣ್ಣು ಹೋಗುತ್ತಿದೆ ಎಂದು ಕೇಳಿದ ಹೆಂಗಸಿನ ಮುಖದಲ್ಲಿ ದುಃಖ ಬರಬೇಕು. ಬರುತ್ತದೆ ಕೂಡ, ಬಂದು ಹೋಗುತ್ತದೆ. ಕುಳಿಬಿದ್ದ ಕೆನ್ನೆ ಅರಳುತ್ತದೆ.

"ಕೇಳಿದ್ರೆಲ್ಲಾ?" ಎನ್ನುತ್ತಾಳೆ ದಾವಲಬಿ, ಸಾಲುಗಳ ಕಡೆ ತಿರುಗಿ. "ಆವತ್ತ ಇಕೀ ಬಾಯಾಗಿಂದ ಒಂದ ಮಾತ ತಗ್ಯಾಕ ಸೂರ್ಯಾ ನೆತ್ತಿಗೆ ಬಂದಿದ್ದ. ಇವತ್ತ ನಾ ಕೇಳೂದಕ್ಕೂ ಬಿಡಲಿಲ್ಲ."

ಆಮೇಲೆ ಬತೂಲಳ ಕೈಯಲ್ಲಿದ್ದ ಕಂದೀಲನ್ನು ಅವಳ ಕಡೆಗೇ ಮೆಲ್ಲಗೆ ಒತ್ತಿ, ಕಲೆಗಳ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ.

"ಕಂದೀಲ ಇನ್ನ ನೀ ಹಿಡಿ ಯವ್ವಾ. ಕೈ ಮಾತ್ರ ನಂದ ಇರಲಿ."